ಎಡಗಾಲಿನ ಹೆಬ್ಬೆರಳು

ಈಳಿಗೆಮಣೆಯನ್ನು ನೆಲಕ್ಕೆ ಒತ್ತಿ ಹಿಡಿದಿದ್ದದ್ದು ಅತ್ತೆಯ ಕೈಯಲ್ಲ, ಕಾಲು. ಎರಡು ಕೈಯೂ ಬೀನ್ಸಿನಲ್ಲಿದ್ದವು, ಕಣ್ಣು ಕಿಟಕಿಯಾಚೆ ಹಾಲಿನವನ ಮೇಲಿತ್ತು. ಪಾದ ಮಾತ್ರ ಯಾರೂ ಹೇಳದೆ ತನ್ನ ಕೆಲಸ ತಾನು ಮಾಡುತ್ತಿತ್ತು. ಮಣೆ ಕೂದಲೆಳೆಯಷ್ಟು ಅಲುಗಿದರೂ ಹೆಬ್ಬೆರಳು ಬಿಗಿಯಾಗಿ ಮತ್ತೆ ಸಡಿಲವಾಗುತ್ತಿತ್ತು. ಕಾಫಿ ಲೋಟ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಶ್ರುತಿ ಅದನ್ನು ನೋಡಿದಳು. ಮದುವೆಯಾಗಿ ರಾಮನಗರದ ಈ ಮನೆಗೆ ಬಂದ ನಾಲ್ಕು ವರ್ಷದಿಂದ ದಿನವೂ ನೋಡಿದ್ದೇ. ಇವತ್ತು ನೋಡಿದ ಕೂಡಲೇ ಲೋಟ ಕೈಯಿಂದ ಜಾರಿ, ಉರುಳಿ, ಗ್ರೈಂಡರಿಗೆ ಹೊಡೆದು ನಿಂತಿತು.

"ಅತ್ತೆ, ಕಾಲು!"

ಗಿರಿಜಾಂಬ ಮಣೆ ಬಿಟ್ಟು ಹಾರಿ ಕೂತರು. "ಯಾರ್ ಕಾಲವ್ವಾ? ಹಾವೇನಾರ ಬಂತಾ?"

"ಹಾವಲ್ಲ ಅತ್ತೆ. ನಿಮ್ಮ ಕಾಲು. ಮಣೆ ಹಿಡ್ಕೊಂಡಿದೆ."

"ಇನ್ನೇನ್ ತಲೇಲಿ ಹಿಡ್ಕಳಾನಾ?"

ಶ್ರುತಿ ನಕ್ಕುಬಿಟ್ಟಳು. ಆ ಸದ್ದು ಎಲ್ಲಿಂದ ಬಂತೆಂದು ಅವಳಿಗೇ ಗೊತ್ತಾಗಲಿಲ್ಲ; ಪಕ್ಕದ ಮನೆಯವರು ನಕ್ಕ ಹಾಗೆ ಕೇಳಿಸಿತು. ಈ ಮನೆಯಲ್ಲಿ ಇಪ್ಪತ್ತು ತಿಂಗಳಿಂದ ಅವಳು ನಕ್ಕಿರಲಿಲ್ಲ. ಅತ್ತೆ ಅವಳ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದರು. ಆಮೇಲೆ ತಲೆ ತಗ್ಗಿಸಿ, ಕಾಲನ್ನು ಮತ್ತೆ ಮಣೆಯ ಮೇಲಿಟ್ಟು, ಬೀನ್ಸನ್ನು ಬೇಕಾದ್ದಕ್ಕಿಂತ ಸಣ್ಣಗೆ ಹೆಚ್ಚತೊಡಗಿದರು. ಚೆಲ್ಲಿದ ಕಾಫಿಯನ್ನು ಒರೆಸುತ್ತ ಶ್ರುತಿಗೆ ಮೈ ಬೆಚ್ಚಗಾಯಿತು. ನಾಚಿಕೆಯೇ ಇರಬೇಕು ಅಂದುಕೊಂಡಳು. ನಾಚಿಕೆಯ ಅಡಿಯಲ್ಲಿ ಇನ್ನೊಂದು ಏನೋ, ಕಾಲೇಜಿನಲ್ಲಿ ಪ್ರಶ್ನೆಪತ್ರಿಕೆ ತಿರುಗಿಸಿದಾಗ ಓದಿದ್ದೇ ಬಂದಿರುತ್ತಿದ್ದಾಗಿನಂಥದ್ದು, ಕುದಿಯುತ್ತಿತ್ತು.

ನಿನ್ನೆ ಆದದ್ದು ಇಷ್ಟೆ. ಚನ್ನಪಟ್ಟಣದಲ್ಲಿ ಗಫಾರ್ ಸಾಬರ ಮನೆಯ ಮುಂದಿನ ಕೋಣೆಯಲ್ಲಿ, ಅವರ ಮುಂದೆ ಕೆಂಪು ಹಳದಿ ಪ್ಲಾಸ್ಟಿಕ್ ಶಂಕುಗಳನ್ನು ಸಾಲಾಗಿ ಇಟ್ಟಿದ್ದಳು. ಐದು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಅವರ ಬಲಗೈ ಹೋಗಿತ್ತು. ಬಲಗಾಲು ಹೇಗೋ ವಾಪಸು ಬಂದಿತ್ತು, ಮಾತೂ ಒಸಿ ಎಳೆದಂತೆ ಬಂದಿತ್ತು, ಕೈ ಮಾತ್ರ ಭುಜದಿಂದ ಮೊಣಕೈವರೆಗೆ ಬಂದು ಅಲ್ಲಿಗೇ ನಿಂತಿತ್ತು. ಬೆರಳು ಏನನ್ನೂ ಹಿಡಿಯುತ್ತಿರಲಿಲ್ಲ. ವಾರಕ್ಕೆ ಎರಡು ದಿನ ಅವಳು ಹೋಗಿ ಶಂಕು ಎತ್ತಿಸುತ್ತಿದ್ದಳು, ಬಟ್ಟೆಯ ಕ್ಲಿಪ್ಪು ಒತ್ತಿಸುತ್ತಿದ್ದಳು. ಐವತ್ತು ವರ್ಷ ಮರ ತಿರುಗಿಸಿ ಕೊರೆಯುವ ಲೇತಿನ ಮುಂದೆ ಕೂತು ಮಕ್ಕಳ ಆಟಿಕೆ ಮಾಡಿದ ಮನುಷ್ಯ ಅದನ್ನೆಲ್ಲ ತಲೆ ತಗ್ಗಿಸಿ ಮಾಡುತ್ತಿದ್ದರು. ನಿನ್ನೆ ಒಂದು ಶಂಕು ಮೇಜಿನಿಂದ ಜಾರಿ ಉರುಳಿತು. ಅದು ನೆಲ ಮುಟ್ಟುವ ಮೊದಲೇ ಸಾಬರ ಎಡಗಾಲು ಚಾಚಿ, ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಅದನ್ನು ಹಿಡಿದು ನಿಲ್ಲಿಸಿತ್ತು. ಅವರು ನೋಡಿಯೂ ಇರಲಿಲ್ಲ. "ಕಾಲು ಬೇಡ ಸಾಬ್ರೇ, ಕೈಯಲ್ಲಿ ಎತ್ತಿ," ಅಂದಿದ್ದಳು ಅವಳು. ಮಗುವಿಗೆ ಹೇಳುವ ದನಿಯಲ್ಲಿ ಹೇಳಿದ್ದಳು. ಅವರು ಕಾಲನ್ನು ಹಿಂದಕ್ಕೆ ಎಳೆದುಕೊಂಡಿದ್ದರು, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ. ಫೈಲಿನಲ್ಲಿ 'ಕೈಗೆ ಬದಲಾಗಿ ಕಾಲು ಬಳಸುವ ಪ್ರವೃತ್ತಿ, ತಡೆಯಬೇಕು' ಎಂದು ಬರೆದಿದ್ದಳು. ಐದು ತಿಂಗಳ ಹಿಂದಿನ ಮೊದಲ ಪುಟದಲ್ಲಿ, ಅದೇ ಎಡ ಹೆಬ್ಬೆರಳಿನ ಒಳಮಗ್ಗುಲಲ್ಲಿ ಚರ್ಮ ದಪ್ಪಗಾಗಿ ಗೀರುಬಿದ್ದಿರುವುದನ್ನೂ ಬರೆದಿದ್ದಳು. ಪಕ್ಕದಲ್ಲಿ: 'ಚಪ್ಪಲಿಯ ಗುರುತು.'

ಚಪ್ಪಲಿಯ ಗುರುತು! ಆಸ್ಪತ್ರೆಯಲ್ಲಿ ಬೆಳಿಗ್ಗೆಯೆಲ್ಲ ಆ ಎರಡು ಪದ ಅವಳನ್ನು ಚುಚ್ಚಿದವು. ಅವಳ ಕೋಣೆ ಮೊದಲು ಮುರಿದ ವೀಲ್‌ಚೇರು ಇಡುವ ಜಾಗವಾಗಿತ್ತು. ಬಾಗಿಲ ಮೇಲೆ ಇವತ್ತಿಗೂ 'ಫಿಸಿಯೋಥೆರಪಿ-2' ಅಂತಲೇ ಇದೆ. ಆಕ್ಯುಪೇಷನಲ್ ಥೆರಪಿ ಅನ್ನುವ ಬೋರ್ಡು ಬರೆಸಿಕೊಡಿ ಎಂದು ಎರಡು ಸಲ ಅರ್ಜಿ ಕೊಟ್ಟಿದ್ದಳು. "ಅಷ್ಟುದ್ದ ಬೋರ್ಡಿಗೆ ಬಾಗಿಲೇ ಸಾಲಲ್ವಲ್ಲ ಮೇಡಂ," ಎಂದು ಆಫೀಸಿನವರು ನಕ್ಕಿದ್ದರು. ಅದೇನು ಕೆಲಸ ಎಂದು ಕೇಳಿದವರಿಗೆಲ್ಲ ಅವಳು ಮೊದಮೊದಲು ಉತ್ಸಾಹದಿಂದ ಹೇಳುತ್ತಿದ್ದಳು: ಫಿಸಿಯೋದವರು ಕೈ ಎತ್ತಿಸುತ್ತಾರೆ, ಆ ಎತ್ತಿದ ಕೈಯಲ್ಲಿ ನೀವು ತಲೆ ಬಾಚಿಕೊಳ್ಳುವ ಹಾಗೆ, ತುತ್ತು ಬಾಯಿಗೆ ತರುವ ಹಾಗೆ, ನಿಮ್ಮ ಕಸುಬಿಗೆ ವಾಪಸು ಹೋಗುವ ಹಾಗೆ ಮಾಡುವುದು ನಾವು. ಶಶಾಂಕ್ ಅದನ್ನು ಇನ್ನೂ ಚಿಕ್ಕದು ಮಾಡಿದ್ದ. "ನನ್ ಹೆಂಡ್ತಿ ಗುಂಡಿ ಡಾಕ್ಟ್ರು ಕಣ್ರೀ. ಷರ್ಟ್ ಗುಂಡಿ ಹಾಕ್ಸೋಕೆ ನಾಲ್ಕೂವರೆ ವರ್ಷ ಓದವ್ಳೆ." ಬಿಡದಿಯ ಕಾರ್ಖಾನೆಯ ಗೆಳೆಯರ ಮುಂದೆ ಹೀಗೆ ಹೇಳಿ ಅವಳ ಕಡೆ ಕಣ್ಣು ಮಿಟುಕಿಸುತ್ತಿದ್ದ.

ಹನ್ನೆರಡಕ್ಕೆ ಅರ್ಧ ದಿನದ ರಜೆ ಬರೆದಿಟ್ಟು ಓಡಿದಳು. ಇವತ್ತು ಶುಕ್ರವಾರ. ಜುಮ್ಮಾ ನಮಾಜು ಮುಗಿದ ಮೇಲೆ ಗಫಾರ್ ಸಾಬರ ಮಗ ಓವೈಸ್, ಬೀದಿಯ ಕೊನೆಯಲ್ಲಿ ಆಟಿಕೆ ಮಾಡುವ ಅಕ್ರಮ್‌ನನ್ನು ಕರೆತಂದು, ಲೇತನ್ನು ಬಿಚ್ಚಿಸಿ, ಅವನಿಗೇ ಮಾರಿ ಟೆಂಪೋದಲ್ಲಿ ಕಳಿಸುವವನಿದ್ದ. ಅವನ ತಪ್ಪೇನೂ ಇರಲಿಲ್ಲ. ಮೂರು ವಾರದ ಹಿಂದೆ ಮನೆಯಲ್ಲಿ ಯಾರೂ ಇಲ್ಲದಾಗ ಸಾಬರು ಮೋಟರಿನ ಸ್ವಿಚ್ಚು ಹಾಕಿ ಕೂತಿದ್ದರು. ಉಳಿ ಬಲಗೈಯಿಂದ ಹಾರಿ ಗೋಡೆಗೆ ನಾಟಿತ್ತು. ಓವೈಸ್ ಬೆಳ್ಳಗಾದ ಮುಖದಲ್ಲಿ ಆಸ್ಪತ್ರೆಗೆ ಬಂದಿದ್ದ. "ನೀವು ಬರ್ದುಕೊಡಿ ಮೇಡಂ. ನಾನ್ ಹೇಳುದ್ರೆ ಕೇಳಲ್ಲ, ಓದಿದೋರು ಹೇಳುದ್ರೆ ಕೇಳ್ತಾರೆ." ಅವಳು ಬರೆದುಕೊಟ್ಟಿದ್ದಳು: ಬಲಗೈಯ ಶಕ್ತಿ ಮತ್ತು ಸ್ಪರ್ಶಜ್ಞಾನ ಸಾಲದಿರುವುದರಿಂದ ವಿದ್ಯುತ್ ಯಂತ್ರದ ಕೆಲಸ ಇನ್ನು ಮುಂದೆ ಸುರಕ್ಷಿತವಲ್ಲ. ಸಹಿ, ಮೊಹರು. ಅವನು ಅದನ್ನು ಲ್ಯಾಮಿನೇಟ್ ಮಾಡಿಸಿ ಲೇತಿನ ತಲೆಗೆ ದಾರದಲ್ಲಿ ಕಟ್ಟಿದ್ದ. ಅಂದಿನಿಂದ ಸಾಬರು ಗೋಡೆಯ ಕಡೆ ಮುಖ ಮಾಡಿ ಮಲಗುವುದಕ್ಕೆ ಶುರು ಮಾಡಿದ್ದರು. ಅವರ ಹೆಂಡತಿ ಅಮೀರುನ್ನೀಸಾ ಮೊನ್ನೆ ಗೇಟಿನವರೆಗೆ ಬಂದು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದ್ದರು, "ಮಿಷನ್ ಹೋದ್ಮೇಲೆ ಅವ್ರು ಇರಾಕಿಲ್ಲ ಕಣಮ್ಮ. ನಂಗೊತ್ತು." ಅದಕ್ಕೆ ಶ್ರುತಿ ತರಬೇತಿಯಲ್ಲಿ ಕಲಿಸಿದ ಹಾಗೆ, ಹೊಂದಿಕೊಳ್ಳಲು ಸಮಯ ಬೇಕು, ಎಂದಿದ್ದಳು. ಎಂಥ ಮಾತು. ಅವಳಿಗೂ ಎಲ್ಲರೂ ಅದನ್ನೇ ಹೇಳಿದ್ದರು.

ಬಸ್ಸಿನಲ್ಲಿ ರೇಷ್ಮೆಗೂಡಿನ ಖಾಲಿ ಚೀಲಗಳ ವಾಸನೆ ಇತ್ತು. ಕಿಟಕಿ ಪಕ್ಕ ಸೀಟು ಸಿಕ್ಕಿತು, ಕೂರಲಾಗಲಿಲ್ಲ. ಎದ್ದು ನಿಂತರೆ ಬಸ್ಸು ಬೇಗ ಹೋಗುತ್ತದೆ ಅನ್ನುವ ಹಾಗೆ ಕಂಬಿ ಹಿಡಿದು ನಿಂತಳು. ತಲೆಯೊಳಗೆ ಒಂದು ಚಿತ್ರ ಸರಿದಾಡುತ್ತಿತ್ತು. ಎರಡನೇ ವರ್ಷದ ಪುಸ್ತಕದ, ಸವೆದು ಮಸುಕಾದ ಕಪ್ಪುಬಿಳುಪು ಚಿತ್ರ: ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕನೊಬ್ಬ ಕಾಲಿನಲ್ಲಿ ತುಳಿಯುವ ಲೇತಿನ ಮುಂದೆ ಕೂತಿದ್ದಾನೆ, ಹಿಂದೆ ಬಿಳಿ ನಿಲುವಂಗಿಯ ಹೆಂಗಸು. ಆಗ ಆಸ್ಪತ್ರೆಯೊಳಗೇ ಬಡಗಿಖಾನೆ ಇರುತ್ತಿತ್ತು, ಮಗ್ಗ ಇರುತ್ತಿತ್ತು. ಮೊಣಕಾಲು ಮಡಿಸಲಾರದವನಿಗೆ ವ್ಯಾಯಾಮ ಹೇಳುತ್ತಿರಲಿಲ್ಲ, ಗರಗಸ ತುಳಿಯಲು ಕೊಡುತ್ತಿದ್ದರು. ಹಲಗೆ ಕತ್ತರಿಸುವ ಹೊತ್ತಿಗೆ ಮೊಣಕಾಲು ತಾನಾಗಿ ಮಡಿಸಿರುತ್ತಿತ್ತು. ಅದಕ್ಕೂ ನೂರು ವರ್ಷ ಹಿಂದೆ, ಹುಚ್ಚಾಸ್ಪತ್ರೆಗಳಲ್ಲಿ ಯಾರೋ ಕೆಲವರು ರೋಗಿಗಳ ಸರಪಳಿ ಬಿಚ್ಚಿ ತೋಟದ ಕೆಲಸ, ಹೊಲಿಗೆ ಕೊಟ್ಟು ನೋಡಿದ್ದರು. ಆಮೇಲೆ ಅಮೆರಿಕದಲ್ಲಿ, ಅರ್ಧ ಮೈ ಸ್ವಾಧೀನ ತಪ್ಪಿದ ಒಬ್ಬ ಕಟ್ಟಡ ವಿನ್ಯಾಸಕಾರ ತನ್ನ ಮನೆಯಲ್ಲೇ ಉಪಕರಣಗಳನ್ನಿಟ್ಟುಕೊಂಡು ತನ್ನನ್ನು ತಾನೇ ರೋಗಿ ಮಾಡಿಕೊಂಡು ಕೆಲಸ ಮಾಡಿ ನೋಡಿದ. ಸಾವಿರದ ಒಂಬೈನೂರ ಹದಿನೇಳರಲ್ಲಿ ಆ ಮನೆಯಲ್ಲಿ ಬೆರಳೆಣಿಕೆಯ ಜನ ಸೇರಿ ಈ ವಿದ್ಯೆಗೊಂದು ಸಂಘ ಕಟ್ಟಿದರು. ನಮ್ಮಲ್ಲಿಗೆ ಬಂದದ್ದು ಐವತ್ತರಲ್ಲಿ, ಮುಂಬಯಿಗೆ. ಇಲ್ಲಿಯ ಸೊಸೆಯಾಗಿ ಬಂದ ಒಬ್ಬ ಅಮೆರಿಕದ ಹೆಣ್ಣುಮಗಳು ತಂದದ್ದು. ಇಷ್ಟನ್ನೂ ಶ್ರುತಿ ಹತ್ತು ಅಂಕಕ್ಕೆ ಬರೆದಿದ್ದಳು, ಲೇತಿನ ಚಿತ್ರವನ್ನೂ ಬಿಡಿಸಿದ್ದಳು. ಅದರ ಮುಂದಿನ ಪುಟದಲ್ಲಿ ಇದ್ದದ್ದನ್ನು ಮಾತ್ರ ಯಾರೂ ಒತ್ತಿ ಹೇಳಿರಲಿಲ್ಲ. ಬುಟ್ಟಿ ಹೆಣೆಯುವುದು, ಮರ ಕೊರೆಯುವುದು ವಿಜ್ಞಾನದ ಹಾಗೆ ಕಾಣುವುದಿಲ್ಲ ಎಂದು ನಾಚಿ, ನಮ್ಮವರೇ ಅವನ್ನೆಲ್ಲ ಮೂಲೆಗೆ ತಳ್ಳಿ ಅಳೆಯಲು ಸುಲಭವಾದ ಶಂಕು, ಕ್ಲಿಪ್ಪು ತಂದಿಟ್ಟರು. ತಾನು ಬೀದಿ ಬೀದಿಯಲ್ಲೂ ಲೇತು ತಿರುಗುವ ಊರಿಗೆ ಪ್ಲಾಸ್ಟಿಕ್ ಶಂಕು ಹೊತ್ತುಕೊಂಡು ಹೋಗಿ, ಲೇತಿನವನ ಮುಂದೆ ಇಟ್ಟಿದ್ದಳು. ಬಸ್ಸು ಕೆಂಗಲ್ಲಿನಲ್ಲಿ ನಿಂತಿತು. ಇಳಿಯುವವರು ಹೂವು ಹಣ್ಣಿನ ಬುಟ್ಟಿ ಹಿಡಿದು ನಿಧಾನ ಇಳಿಯುತ್ತಿದ್ದರು. ಅಯ್ಯೋ ಇಳೀರಿ, ಇಳೀರಿ, ಎಂದು ಅವಳ ಕಾಲು ತಾಳ ಹಾಕುತ್ತಿತ್ತು.

ಶಶಾಂಕನ ಅಂಗಿಗೆ ಗುಂಡಿ ಏಳಿದ್ದವು. ಇಪ್ಪತ್ತು ತಿಂಗಳ ಹಿಂದೆ ಅವನ ಬೈಕು ಸರ್ವಿಸ್ ರಸ್ತೆಯಲ್ಲಿ ಜಾರಿ, ಬಲಗೈ ಎರಡು ಕಡೆ ಮುರಿದು, ನರಕ್ಕೂ ಪೆಟ್ಟಾಗಿ, ಮೂರು ವಾರ ಮನೆಯಲ್ಲಿದ್ದ. ಅವಳಿಗೆ ತನ್ನ ವಿದ್ಯೆಯೆಲ್ಲ ಮನೆಗೇ ಬಂದು ಕೂತ ಹಾಗಾಗಿತ್ತು. ಚಮಚ ಹಿಡಿಯಲು ಅಂಗೈಗೆ ಸುತ್ತುವ ಪಟ್ಟಿಯನ್ನು ತಾನೇ ಹೊಲಿದಳು. ಆ ಬೆಳಿಗ್ಗೆ ನೀಲಿ ಗೆರೆಯ ಅಂಗಿ. ಮೊಬೈಲಿನಲ್ಲಿ ಸ್ಟಾಪ್‌ವಾಚು ಹಾಕಿ ಎದುರಿಗೆ ಕೂತಿದ್ದಳು. ಮೂರು ಗುಂಡಿ ಹಾಕಿದ. ನಾಲ್ಕನೆಯದು ಜಾರಿತು, ಮತ್ತೆ ಜಾರಿತು. "ಇದೊಂದು ಹಾಕ್ಬುಡೇ. ಕೈ ಸೋತೋಯ್ತು." ಅವಳ ಕೈ ಮುಂದೆ ಹೋಗಿತ್ತು ಕೂಡ. ಹಿಂದಕ್ಕೆ ತೆಗೆದುಕೊಂಡು, "ಬೇಡ, ನೀವೇ ಮಾಡ್ಬೇಕು," ಎಂದಳು. ಅದು ನಮ್ಮ ವಿದ್ಯೆಯ ಮೊದಲನೇ ಪಾಠ. ತಾನಾಗಿ ಮಾಡುವವನಿಗೆ ಸಹಾಯ ಮಾಡುವುದು ಅವನ ಕೈಯನ್ನು ಇನ್ನೊಂದು ಸಲ ಮುರಿದ ಹಾಗೆ. ಹನ್ನೊಂದು ನಿಮಿಷ. ಏಳೂ ಹಾಕಿ, ಬೆವರಿ, ಅವಳನ್ನು ನೋಡದೆ ಎದ್ದು ಹೋದ. ಅವಳು ಖುಷಿಯಿಂದ ಪುಸ್ತಕದಲ್ಲಿ ಐದು ಎಂದು ಬರೆದುಕೊಂಡಳು. ಏಳಕ್ಕೆ ಐದು, ಏಳು ಅಂದರೆ ಪೂರ್ತಿ ಸ್ವತಂತ್ರ, ಒಂದು ಅಂದರೆ ಪೂರ್ತಿ ಪರಾಧೀನ, ಐದು ಅಂದರೆ ಯಾರೂ ಮುಟ್ಟಬೇಕಾಗಿಲ್ಲ, ನೋಡುತ್ತಿದ್ದರೆ ಸಾಕು. ಸಂಜೆ ನಾಲ್ಕಕ್ಕೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿ ಹೋಗಿಬಿಟ್ಟ. ಆಸ್ಪತ್ರೆಯವರು ಆ ಅಂಗಿಯನ್ನು ಕತ್ತರಿಯಲ್ಲಿ ಕತ್ತರಿಸಿದರು, ಗುಂಡಿ ಬಿಚ್ಚುವ ತೊಂದರೆ ತೆಗೆದುಕೊಳ್ಳದೆ. ಅದಾದ ಮೇಲೆ ಅವಳು ಬಿಸಿ ಪಾತ್ರೆಯನ್ನು ಬಿಸಿಯೇ ಗೊತ್ತಾಗದೆ ಬರಿಗೈಯಲ್ಲಿ ಇಳಿಸುವುದು, ಮಾರನೇ ದಿನ ಬೊಬ್ಬೆ ನೋಡಿ ಇದೇನು ಅಂದುಕೊಳ್ಳುವುದು ಶುರುವಾಯಿತು. "ಬಟ್ಟೆ ಹಿಡ್ಕಂಡ್ ಇಳ್ಸವ್ವಾ," ಎಂದು ಅತ್ತೆ ಬೈಯುವರು. ಅವಳು ಹೂಂ ಅನ್ನುವಳು. ಚನ್ನಪಟ್ಟಣದ ಬಸ್ ನಿಲ್ದಾಣ ಬಂತು.

ಬೀದಿಯಲ್ಲಿ ಲೇತುಗಳೆಲ್ಲ ಸುಮ್ಮನಿದ್ದವು. ಗಂಡಸರು ಮಸೀದಿಗೆ ಹೋಗಿದ್ದರು. ಮೋಟರುಗಳ ಗುಂಯ್‌ಗುಡುವಿಕೆ ಇಲ್ಲದ ಆ ಬೀದಿಯಲ್ಲಿ ತನ್ನ ಚಪ್ಪಲಿಯ ಸದ್ದನ್ನು ಕೇಳುತ್ತ ಓಡಿದಳು. ಅಮೀರುನ್ನೀಸಾ ಬಾಗಿಲು ತೆರೆದು ಅವಳ ಮುಖ ನೋಡಿ ಹೆದರಿದರು.

"ಏನಾಯ್ತಮ್ಮಾ? ಇವತ್ತು ನಿಮ್ ದಿನ ಅಲ್ವಲ್ಲ."

"ಚಾಚಿ, ನುಗ್ಗೆಕಾಯಿ ಕೀಳೋ ಕೋಲು ಎಲ್ಲಿದೆ?"

"ನುಗ್ಗೆಕಾಯಿ ಬೇಕಾಗಿತ್ತಾ? ಅದುಕ್ಕೆ ಇಷ್ಟ್ ಓಡ್ಕಂಡ್ ಬಂದ್ರಾ?"

"ಕಾಯಿ ಬೇಡ. ಕೋಲು ಬೇಕು. ಅವರ ದಾದಾಂದು, ತಾತಂದು, ಲೇತು ಎಳೆಯೋ ಕಮಾನು ಅಂದಿದ್ರಲ್ಲ, ಆ ಬಗ್ಗಿದ ಕೋಲು."

ಕೋಣೆಯಲ್ಲಿ ಗಫಾರ್ ಸಾಬರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಲೇತು ತಲೆಗೆ ತನ್ನ ಲ್ಯಾಮಿನೇಟ್ ಪತ್ರ ಕಟ್ಟಿಕೊಂಡು ನಿಂತಿತ್ತು. ಶ್ರುತಿ ಅವರ ಮಂಚದ ಪಕ್ಕ ನೆಲದಲ್ಲೇ ಕೂತು ಅವರ ಎಡಗಾಲಿನ ಹೆಬ್ಬೆರಳನ್ನು ಹಿಡಿದುಕೊಂಡಳು. ಅವರು ಬೆಚ್ಚಿ ತಿರುಗಿದರು.

"ಸಾಬ್ರೇ, ಇದು ಚಪ್ಪಲಿ ಗುರುತಲ್ಲ ಅಲ್ವಾ?"

ಸಾಬರು ಅವಳನ್ನೇ ದಿಟ್ಟಿಸಿದರು. ಒಂದು ಕಡೆಯ ತುಟಿ ಮಾತ್ರ ಮೇಲೆದ್ದಿತು. "ಚಪ್ಲಿ ಅಂದ್ಕಂಡಿದ್ರಾ?" ಮಾತು ಎಳೆಯುತ್ತ ಬಂತು. "ಉಳಿ ಕಣಮ್ಮ ಅದು. ನಮ್ ದಾದಾ ಕಮಾನ್ ಲೇತಲ್ಲಿ ಕೂರ್ಸವ್ರೆ ನನ್ನ, ಎಂಟ್ ವರ್ಷದವನ್ನ. ಬಲಗೈಲಿ ಕಮಾನು, ಎಡಗೈಲಿ ಉಳಿ, ಉಳಿ ಮೂತಿ ಕಾಲ್ಬೆಳ್ಳಲ್ಲಿ. ಜಾರುದ್ರೆ ಬೆತ್ತದೇಟು ಬೆರಳ್ಗೇ. ಓವೈಸ್ ಹುಟ್ಟಿದ್ ವರ್ಷ ಮೋಟ್ರು ಬಂತು. ಕಾಲ್ಗೆ ರಿಟೈರ್ಮೆಂಟು."

"ನನಗ್ಯಾಕೆ ಹೇಳ್ಲಿಲ್ಲ?"

"ನೀವ್ ಕೇಳ್ಳಿಲ್ಲ. ಕಾಲು ಬ್ಯಾಡ ಅಂದ್ರಿ."

ಅದನ್ನು ಅವರು ದೂರಿನ ದನಿಯಲ್ಲಿ ಹೇಳಲಿಲ್ಲ. ಅದೇ ಅವಳಿಗೆ ಹೆಚ್ಚು ತಾಗಿತು. ತಾಗಿದ್ದನ್ನು ನೋಡಿಕೊಳ್ಳುವಷ್ಟು ಹೊತ್ತಿರಲಿಲ್ಲ. ಬಲಗೈ ಭುಜದಿಂದ ಮೊಣಕೈವರೆಗೆ ಬಂದಿದೆ. ಕಮಾನಿಗೆ ಬೇಕಾದ್ದು ಅಷ್ಟೇ, ಎಳೆ, ಬಿಡು, ಎಳೆ, ಬಿಡು. ಬೆರಳು ಹಿಡಿಯದಿದ್ದರೆ ಕಟ್ಟಿದರಾಯಿತು. ಉಳಿ ಎಡಗೈಯದು, ಎಡಗಾಲಿನದು. ಅವರಿಗೆ ಬೇಕಾದ್ದೆಲ್ಲ ಅವರಲ್ಲೇ ಐದು ತಿಂಗಳಿಂದ ಕಾದು ಕೂತಿತ್ತು. ತಾನು ವಾರಕ್ಕೆರಡು ಸಲ ಬಂದು, ಇಲ್ಲದ ಬೆರಳುಗಳನ್ನು ಕರೆಯುತ್ತಿದ್ದಳು. ಒಂದೇ ಉಸಿರಿಗೆ ಇದನ್ನೆಲ್ಲ ಹೇಳಿದಳು. ಸಾಬರಿಗೆ ಎಷ್ಟು ಅರ್ಥವಾಯಿತೋ, ಎದ್ದು ಕೂತರು. "ಹಲ್ಗೆ ಎಲ್ಲಿ ಮಡಗಿದ್ದೀಯೇ?" ಎಂದು ಹೆಂಡತಿಯನ್ನು ಕೇಳಿದರು.

ಹಳೆಯ ಲೇತು ಅಡಿಗೆಮನೆಯಲ್ಲಿ ನೀರಿನ ಬಿಂದಿಗೆಗಳನ್ನು ಹೊತ್ತುಕೊಂಡಿತ್ತು. ದಪ್ಪ ಹಲಗೆಯ ಮೇಲೆ ಗೇಣೆತ್ತರದ ಎರಡು ಗಿಡ್ಡ ಕಂಬ, ಒಂದೊಂದರ ಒಳಮೈಗೂ ಒಂದೊಂದು ಕಬ್ಬಿಣದ ಮೊಳೆ. ಬಿಂದಿಗೆ ಇಳಿಸಿ, ಇಬ್ಬರು ಹೆಂಗಸರೂ ಹಲಗೆಯನ್ನು ಎಳೆದು ತರುವಾಗ ನೀರು ಚೆಲ್ಲಿ, ಅಮೀರುನ್ನೀಸಾ ಜಾರಿ ಕೂತು, "ಈ ವಯಸ್ಸಲ್ಲಿ ಸೊಂಟ ಮುರ್ದ್ರೆ ನನ್ಗೂ ಶಂಕು ತರ್ತೀರಾ?" ಎಂದು ನಕ್ಕರು. ಕಮಾನಿಗೆ ಹಗ್ಗ ಇರಲಿಲ್ಲ. ಅವರೇ ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಬಿಚ್ಚಿ ತಂದರು. ಒದ್ದೆ ಬಟ್ಟೆಗಳು ಪೇರಲೆ ಗಿಡದ ಮೇಲೆ ಬಿದ್ದವು. ಸಾಬರು ಎಡಗೈಯಲ್ಲಿ ಹಾಲೆ ಮರದ ತುಂಡೊಂದನ್ನು ಆರಿಸಿ, ಮೊಳೆಗಳ ನಡುವೆ ಕೂರಿಸಿ, ಬೆಣೆ ಹೊಡೆಯಲು ಹೆಂಡತಿಗೆ ಕಣ್ಣಲ್ಲೇ ಹೇಳಿದರು. ಹಗ್ಗವನ್ನು ತುಂಡಿಗೆ ಒಂದು ಸುತ್ತು ಹಾಕಿದರು. ಈಗ ಬಲಗೈ. ಶ್ರುತಿ ಚೀಲದ ತಳದಲ್ಲಿ ಕೈಯಾಡಿಸಿದಳು. ಕ್ರೇಪ್ ಬ್ಯಾಂಡೇಜ್ ತಂದಿರಲಿಲ್ಲ. ಸಿಕ್ಕಿದ್ದು ಅಂಗೈ ಪಟ್ಟಿ, ಶಶಾಂಕನಿಗೆ ಹೊಲಿದದ್ದು. ಚಮಚ ಸಿಕ್ಕಿಸುವ ಜಾಗದಲ್ಲಿ ಸಾರಿನ ಹಳದಿ ಕಲೆ ಹಾಗೇ ಇತ್ತು. ಅದು ಅಲ್ಲಿದೆ ಎಂದು ಅವಳಿಗೆ ಗೊತ್ತಿತ್ತು, ದಿನವೂ ಗೊತ್ತಿತ್ತು. ಸಾಬರ ಅಂಗೈಗೆ ಸುತ್ತಿ, ಚಮಚದ ಜಾಗದಲ್ಲಿ ಕಮಾನಿನ ತುದಿಯನ್ನು ತೂರಿಸಿ ಬಿಗಿದಳು. ಸರಿಯಾಗಿ ಕೂತಿತು.

"ಬಿಸ್ಮಿಲ್ಲಾ," ಎಂದು ಸಾಬರು ಎಳೆದರು.

ಮರ ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಎಳೆದರು. ಭುಜ ಮೇಲೇಳುತ್ತಿತ್ತು, ಕುತ್ತಿಗೆ ಬಿಗಿಯುತ್ತಿತ್ತು. ಅಷ್ಟರಲ್ಲಿ ಎಡಗಾಲು ಯಾರೂ ಕರೆಯದೆ ಮುಂದೆ ಬಂತು. ಎಡಗೈಯಲ್ಲಿದ್ದ ಉಳಿಯ ಮೂತಿ ಬೆರಳುಗಳ ನಡುವಿನ ಆ ಗೀರಿನಲ್ಲಿ, ತನ್ನ ಮನೆಗೆ ಬಂದ ಹಾಗೆ, ಬಂದು ಕೂತಿತು. ಎಳೆದಾಗ ಕೊರೆಯಬೇಕು, ಬಿಟ್ಟಾಗ ಉಳಿ ಎತ್ತಬೇಕು. ಕಾಲಿಗೆ ಅದು ಗೊತ್ತಿತ್ತು. ಐದನೆಯದೋ ಆರನೆಯದೋ ಎಳೆತಕ್ಕೆ ಈರುಳ್ಳಿ ಸಿಪ್ಪೆಯಂಥ ಒಂದು ಎಳೆ ಮರದಿಂದ ಎದ್ದು ಸುರುಳಿಯಾಗಿ ಶ್ರುತಿಯ ಮಡಿಲಿಗೆ ಬಿತ್ತು. ಅವಳು ಕೂಗಿಯೇಬಿಟ್ಟಳು. ಸಾಬರು ಕೂಗಲಿಲ್ಲ. ಅವರ ಬಾಯಿ ಓರೆಯಾಗಿ ತೆರೆದಿತ್ತು, ಎಡಗಣ್ಣಿಂದ ನೀರು ಸುರಿಯುತ್ತಿತ್ತು, ಕೈ ನಿಂತಿರಲಿಲ್ಲ.

ಬಾಗಿಲಲ್ಲಿ ಟೆಂಪೋ ನಿಂತ ಸದ್ದು. ಟೋಪಿ ತೆಗೆಯದೆ ಒಳಗೆ ಬಂದ ಓವೈಸ್ ಅಲ್ಲೇ ನಿಂತ. ಹಿಂದೆ ಅಕ್ರಮ್, ಕೈಯಲ್ಲಿ ಸ್ಪಾನರು.

"ಅಬ್ಬಾ! ಉಳಿ ಬುಡಿ! ಮೇಡಂ, ಏನಿದು, ನೀವೇ ಬರ್ದುಕೊಟ್ಟಿದ್ದಲ್ವಾ?"

"ಅದು ಕರೆಂಟ್ ಮಿಷನ್‌ಗೆ ಬರೆದದ್ದು. ಅದು ಇವರ ಮಾತು ಕೇಳಲ್ಲ. ಇದು ನೋಡಿ. ಸಾಬ್ರೇ, ನಿಲ್ಲಿಸಿ."

ಕೈ ನಿಂತಿತು. ಮರ ನಿಂತಿತು. ಉಳಿ ಬೆರಳುಗಳ ನಡುವೆ ಸುಮ್ಮನೆ ಕೂತಿತ್ತು. ಓವೈಸ್ ಬಗ್ಗಿ ಅಪ್ಪನ ಪಾದವನ್ನು ನೋಡಿದ, ಅಲ್ಲಿ ಗಾಯ ಹುಡುಕುವವನ ಹಾಗೆ.

"ನಂಗೆ ಭಯ ಆಯ್ತದೆ ಮೇಡಂ. ಅವತ್ತು ಗೋಡೇಲಿದ್ದ ಉಳಿ ಕಿತ್ತಿದ್ದು ನಾನು," ಅಂದ.

"ನನಗೂ ಆಗುತ್ತೆ," ಎಂದಳು ಶ್ರುತಿ. "ನಾನು ದಿನಾ ಬರ್ತೀನಿ. ಈ ತಿಂಗಳು ಪೂರ್ತಿ. ನೀವೂ ಕೂತ್ಕೊಂಡು ನೋಡಿ."

ಓವೈಸ್ ಟೋಪಿ ತೆಗೆದು ಜೇಬಿಗಿಟ್ಟ. ಅಪ್ಪನ ಎದುರು ಕುಕ್ಕರಗಾಲಲ್ಲಿ ಕೂತ.

"ಹಂಗಾರೆ ಮಿಷನ್ನು?" ಅಕ್ರಮ್ ಸ್ಪಾನರನ್ನು ಕೈಯಿಂದ ಕೈಗೆ ಬದಲಾಯಿಸುತ್ತ ಕೇಳಿದ.

ಶ್ರುತಿ ಬೇಡ ಅನ್ನಲು ಬಾಯಿ ತೆರೆದಳು. ಅದಕ್ಕೇ ತಾನೆ ಬಂದದ್ದು. ಸಾಬರೇ ಮೊದಲು ಹೇಳಿದರು. "ತಗಂಡೋಗ್ಲಾ. ಮೋಟ್ರು ಹುಡುಗರ್ಗೆ ಸರಿ. ಅದ್ರ ತಲೇಲಿ ಕಟ್ಟಿರೋ ಆ ಬೋರ್ಡ್ನೂ ಸೇರ್ಸ್ಕಂಡ್ ತಗಂಡೋಗು, ನಿಂಗೂ ಒಂದಿನ ಬೇಕಾಯ್ತದೆ."

"ಚಾಚಾ, ಬಾಯಿ ಮಾತ್ರ ಪೂರ್ತಿ ಗುಣ ಆಗ್ಬುಟ್ಟೈತೆ ಕಣ್ರೀ," ಎಂದು ಅಕ್ರಮ್ ನಕ್ಕು ಬೋಲ್ಟು ಬಿಚ್ಚಲು ಕೂತ. ಸಾಬರು ಆ ಕಡೆ ತಿರುಗಲಿಲ್ಲ. ಅವರಿಗೀಗ ಬಣ್ಣ ಬೇಕಾಗಿತ್ತು. ಕೊರೆದದ್ದು ಏನೂ ಆಗಿರಲಿಲ್ಲ, ಅಂಕುಡೊಂಕಾದ ಒಂದು ಉಂಗುರದಂಥದ್ದು. ಆದರೂ ಬಣ್ಣ ಹಾಕದೆ ಮರವನ್ನು ಮೊಳೆಯಿಂದ ಇಳಿಸುವುದಿಲ್ಲವಂತೆ, ದಾದಾನ ಕಾಲದಿಂದ. ಅರಗಿನ ಕೆಂಪು ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಉಜ್ಜಾಟದ ಕಾವಿಗೇ ಕರಗಿ ಹತ್ತಿಕೊಳ್ಳಬೇಕು. ಅದಕ್ಕೆ ವೇಗ ಬೇಕು. ಅವರು ಎಳೆದರು. ಅರಗು ಕರಗಲಿಲ್ಲ, ಕೀರಲು ಸದ್ದು ಮಾಡಿತು. ಮತ್ತೆ ಎಳೆದರು. ಭುಜ ಸೋಲುತ್ತಿತ್ತು.

ಅಮೀರುನ್ನೀಸಾ ಸೆರಗು ಸಿಕ್ಕಿಸಿಕೊಂಡು ಗಂಡನ ಬಲಕ್ಕೆ ಬಂದು ಕೂತು, ಅವರ ಕೈಯ ಮೇಲೆ ಕೈಯಿಟ್ಟು ಕಮಾನನ್ನು ಹಿಡಿದರು.

"ಬೇಡ ಚಾಚಿ, ಅವರೇ..."

ಆ ಮಾತು ಬಾಯಿಂದ ಅರ್ಧ ಹೊರಗೆ ಬಂದಿತ್ತು. ಶ್ರುತಿಗೆ ನೀಲಿ ಗೆರೆ ಕಾಣಿಸಿತು, ನಾಲ್ಕನೆಯ ಗುಂಡಿ ಕಾಣಿಸಿತು. ಅಮೀರುನ್ನೀಸಾ ತಿರುಗಿ ನೋಡಿದರು. ಇಷ್ಟು ಓದಿದವಳಿಗೆ ಇದೂ ಗೊತ್ತಿಲ್ಲವಲ್ಲ ಅನ್ನುವ ಮರುಕದಿಂದ.

"ಮದ್ವೆ ಆದ ಹೊಸದ್ರಲ್ಲಿ ನಾನೇ ಎಳೀತಿದ್ದೆ ಕಣಮ್ಮ. ಕೊರೆಯಾಕೆ ಒಬ್ರು ಸಾಕು. ಬಣ್ಣಕ್ಕೆ ಇಬ್ರು ಬೇಕು. ಒಬ್ರಿಂದ ಯಾವತ್ತೂ ಆಗಿದ್ದಿಲ್ಲ."

ಫೈಲು ಶ್ರುತಿಯ ತೊಡೆಯ ಮೇಲೆ ತೆರೆದಿತ್ತು, ಒಂದರಿಂದ ಏಳರವರೆಗಿನ ಅಂಕಿಗಳ ಸಾಲು, ಕೊನೆಯಲ್ಲಿ ಖಾಲಿ ಚೌಕ. ಇಬ್ಬರು ಸೇರಿ ಮಾಡುವ ಇದಕ್ಕೆ ಆ ಸಾಲಿನಲ್ಲಿ ಅಂಕಿ ಇರಲಿಲ್ಲ. ಇದ್ದಿದ್ದರೆ ನೀಲಿ ಅಂಗಿಯ ಆ ಬೆಳಿಗ್ಗೆಗೂ ಅದನ್ನೇ ಬರೆಯಬಹುದಿತ್ತು. ಅವಳು ಫೈಲನ್ನು ಮುಚ್ಚಿ ಕೆಳಗಿಟ್ಟಳು.

"ಮೂರ್ನೇ ಕೈ ಬೇಕು," ಎಂದರು ಸಾಬರು. ಅವರ ಎಡಗೈಯಲ್ಲಿ ಹೊಳಪು ಕೊಡುವ ತಾಳೆಗರಿ ಸಿದ್ಧವಾಗಿತ್ತು. "ಡಾಕ್ಟ್ರಮ್ಮ, ಅರಗು ನೀವ್ ಒತ್ತಿ. ಹೆದ್ರಬ್ಯಾಡಿ. ಒಸಿ ಓರೆಯಾಗಿ. ಹಂಗೇ."

ಅವಳು ಕಡ್ಡಿ ಹಿಡಿದು ಒತ್ತಿದಳು. ಎರಡು ಕೈ ಒಂದೇ ಕೈಯಾಗಿ ಕಮಾನು ಎಳೆಯಿತು. ಬಟ್ಟೆ ಒಣಹಾಕುವ ಹಗ್ಗ ಕಿರುಗುಟ್ಟಿತು. ಮರ ಅತ್ತ ಇತ್ತ ಬೀಸಿ ತಿರುಗತೊಡಗಿ, ಮಬ್ಬಾಗಿ, ಒಂದು ನೆರಳಿನಂತಾಯಿತು. ಹೊರಗೆ ಬೀದಿಯ ಮೋಟರುಗಳು ಒಂದೊಂದಾಗಿ ಶುರುವಾದವು. ಅರಗಿನ ತುದಿ ಮೆತ್ತಗಾಯಿತು. ಕೆಂಪು, ಮರದ ಮೇಲೆ ಹರಿಯಿತು. ಹರಿಯಿತು ಅನ್ನುವುದೇ ಸರಿ. ಕಡ್ಡಿ ಕರಗಿ ಗಿಡ್ಡವಾಗುತ್ತ ಅವಳ ಬೆರಳು ಮರಕ್ಕೆ ಹತ್ತಿರ ಹತ್ತಿರ ಹೋಗುತ್ತಿತ್ತು. ಸಾಬರು ಅವಳ ಬೆರಳನ್ನೇ ನೋಡುತ್ತಿದ್ದರು. ಐದು ತಿಂಗಳಿಂದ ಅವಳು ಬಂದಾಗಲೆಲ್ಲ ಎರಡು ಸ್ಟೀಲ್ ಲೋಟ ತರಿಸಿ, ಒಂದರಲ್ಲಿ ಬಿಸಿನೀರು,‌ ಒಂದರಲ್ಲಿ ತಣ್ಣೀರು ತುಂಬಿ, ಅವರ ಕಣ್ಣು ಮುಚ್ಚಿಸಿ, ಒಂದೊಂದನ್ನೇ ಬಲ ಅಂಗೈಗೆ ಮುಟ್ಟಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದಳು. ಎರಡೂ ಒಂದೇ ಕಣಮ್ಮ, ಎನ್ನುತ್ತಿದ್ದರು ಅವರು. ಈಗ ಅವರ ತುಟಿಯ ಸರಿಯಿದ್ದ ಅರ್ಧ ಮೇಲಕ್ಕೆದ್ದಿತು.

"ಕಣ್ ಮುಚ್ಕಳಿ."

ಅವಳು ಮುಚ್ಚಿದಳು.

"ಬಿಸಿಯೋ, ತಣ್ಣಗೋ?"

"ಬಿಸಿ," ಎಂದಳು ಶ್ರುತಿ. ಎರಡನೆಯ ಸಲ ಕೂಗಿ ಹೇಳಿದಳು. "ಬಿಸಿ ಸಾಬ್ರೇ! ಸುಡ್ತಿದೆ!"

"ಮತ್ತೆ ತೆಗೀರಿ ಕೈನಾ!"

"ಇರಿ. ಎಳೀರಿ ಚಾಚಿ, ನಿಲ್ಲಿಸಬೇಡಿ."